ಗ್ಯಾಲಕ್ಸಿಗಳ ಗಾಳಿ ಎಲ್ಲಿಯವರೆಗೆ ಬೀಸುತ್ತದೆ?

ಗ್ಯಾಲಕ್ಸಿಗಳ ನಡುವಿನ ಅನಿಲಕ್ಕೆ ಕಾರ್ಬನ್, ಆಮ್ಲಜನಕ ತಂದು ಬೆರೆಸಿದ್ದು ಎಂ82ರಂಥ ಗ್ಯಾಲಕ್ಸಿಗಳ ಗಾಳಿಯೇ?

ಪರ

ಎಂ82ರ ಫೋಟೋ ಒಮ್ಮೆ ನೋಡಿ. ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ, ಸಪ್ತರ್ಷಿ ಮಂಡಲದ ಕಡೆ. ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳು ಚಿಮ್ಮುತ್ತಿವೆ. ಅಲ್ಲಿ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುತ್ತಿವೆ, ಅವುಗಳಲ್ಲಿ ದೊಡ್ಡವು ಬಹಳ ಕಾಲ ಬದುಕದೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ, ಆ ಸ್ಫೋಟಗಳ ಬಿಸಿಯೆಲ್ಲ ಸೇರಿ ಸುತ್ತಲಿನ ಅನಿಲವನ್ನು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಆಚೆ ನೂಕುತ್ತದೆ. ಗ್ಯಾಲಕ್ಸಿಯ ಗಾಳಿ ಅಂದರೆ ಇದೇ.

ಬಿಗ್ ಬ್ಯಾಂಗ್‌ನಲ್ಲಿ ಕಾರ್ಬನ್ ತಯಾರಾಗಲಿಲ್ಲ. ಅದು ಬೇಯುವುದು ನಕ್ಷತ್ರದ ಹೊಟ್ಟೆಯಲ್ಲೇ. ಆದರೆ 1995ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ ದೂರದ ಕ್ವೇಸಾರ್‌ಗಳ (ತುಂಬ ಪ್ರಖರವಾಗಿ ಬೆಳಗುವ ಗ್ಯಾಲಕ್ಸಿ ಕೇಂದ್ರಗಳ) ಬೆಳಕನ್ನು ಬಿಡಿಸಿ ನೋಡಿದಾಗ, ದಾರಿಯಲ್ಲಿದ್ದ ತೆಳು ಅನಿಲದ ಮೋಡಗಳಲ್ಲೂ ಕಾರ್ಬನ್ ಸಿಕ್ಕಿತು. ಸೂರ್ಯನಲ್ಲಿರುವುದರ ನೂರನೇ ಒಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಇರಬಹುದು, ಆದರೆ ಇತ್ತು. ಕಾಲಿಲ್ಲದ ಕಾರ್ಬನ್ ಅಷ್ಟು ದೂರ ಹೋಗಿದೆ ಅಂದರೆ ಯಾರೋ ಹೊತ್ತೊಯ್ದಿರಬೇಕು, ಅಲ್ವಾ? ಹಾಗೆ ಹೊರುವ ಗಾಳಿ ಎಂ82ರಲ್ಲಿ ಕಣ್ಣೆದುರೇ ಇದೆ.

ವಿರೋಧ

ಗಾಳಿ ಹೊರಟಿದ್ದು ನಿಜ. ಹೊರಟಿದ್ದೆಲ್ಲ ಊರು ದಾಟುತ್ತದೆಯೇ?

ಎಂ82ರ ತಣ್ಣನೆಯ ಅನಿಲವನ್ನು ರೇಡಿಯೊ ಅಲೆಗಳಲ್ಲಿ ಅಳೆದವರಿಗೆ ಕಂಡದ್ದು ಬೇರೆ. ದೂರ ಹೋದಂತೆ ಅದರ ಪ್ರಮಾಣ ಬೇಗ ಬೇಗ ಕಡಿಮೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಾರಂಜಿಯ ನೀರಿನ ಹಾಗೆ ಮೇಲೆದ್ದು ಮತ್ತೆ ಗ್ಯಾಲಕ್ಸಿಗೇ ಬೀಳುವಂತಿದೆ. ಸಾಲದ್ದಕ್ಕೆ ಪಕ್ಕದ ಎಂ81 ಗ್ಯಾಲಕ್ಸಿಯ ಸೆಳೆತವೇ ಎಂ82ರಿಂದ ಹೈಡ್ರೋಜನ್ನಿನ ಉದ್ದ ಎಳೆಗಳನ್ನು ಎಳೆದು ಹಾಕಿದೆ. ಅಂದರೆ ಅನಿಲ ಆಚೆ ಬರಲು ಗಾಳಿಯೇ ಬೇಕಂತಿಲ್ಲ.

2019ರಲ್ಲಿ ಪ್ರಕಟವಾದ ಮಕಾನಿ ಗ್ಯಾಲಕ್ಸಿಯ ಗಾಳಿ ಬಹಳ ದೊಡ್ಡದು, ಆ ಅನಿಲದ ಮೋಡ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಅಗಲ. ನನಗಂತೂ ಅದು ಅದ್ಭುತವೇ. ಆದರೂ ಅದು ಆ ಗ್ಯಾಲಕ್ಸಿಯ ಅಂಗಳದಲ್ಲೇ ಇದೆ. ನಮ್ಮಿಂದ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾಕ್ಕೇ 25 ಲಕ್ಷ ಜ್ಯೋತಿರ್ವರ್ಷ, ಲೆಕ್ಕ ಹಾಕಿ.

ಕಾಲವನ್ನೂ ನೋಡಬೇಕು. ಕೆಕ್ ಕಂಡ ಆ ಮೋಡಗಳು ವಿಶ್ವಕ್ಕೆ ಸುಮಾರು 200 ಕೋಟಿ ವರ್ಷ ವಯಸ್ಸಾಗಿದ್ದಾಗಿನವು. ಅಷ್ಟರಲ್ಲೇ ಕಾರ್ಬನ್ ಅಲ್ಲಿತ್ತು. ಹಾಗಾಗಿ ಅದನ್ನು ಚೆಲ್ಲಿದ್ದು ಇನ್ನೂ ಮೊದಲಿನ ಪುಟ್ಟ ಗ್ಯಾಲಕ್ಸಿಗಳು ಅನ್ನುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ. ಅವುಗಳ ಸೆಳೆತ ಕಡಿಮೆ, ಸಣ್ಣ ಗಾಳಿಗೂ ಅನಿಲ ತಪ್ಪಿಸಿಕೊಳ್ಳುತ್ತದೆ, ಮತ್ತು ಆಗ ವಿಶ್ವವೂ ಚಿಕ್ಕದಿತ್ತು, ಪಕ್ಕದ ಗ್ಯಾಲಕ್ಸಿ ಇಷ್ಟು ದೂರ ಇರಲಿಲ್ಲ.