ಮುಂದೆ ಬನ್ನಿ ಮಾವ!

ಮೈಸೂರಿನವರಿಗೆ ಗೋಲ್‌ಕೀಪರ್ ಕೆಲಸ ಒಗ್ಗುವುದಿಲ್ಲ. ಯಾರಾದರೂ ಮೈಮೇಲೆ ನುಗ್ಗಿ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ‘ಏನ್ ಸಾರ್, ಕಾಫಿ ಆಯ್ತಾ?’ ಅನ್ನುವ ಜನ ನಾವು. ಐಸ್ ಹಾಕಿಯಲ್ಲಿ ಬೇಕಾಗಿರುವುದು ಇದರ ಪೂರಾ ಉಲ್ಟಾ.

ಇದನ್ನು ನನಗೆ ಮನದಟ್ಟು ಮಾಡಿಸಿದವನು ಟೊರಾಂಟೊದಿಂದ ರಜೆಗೆ ಬಂದಿದ್ದ ಭಾವಮೈದುನನ ಮಗ. ಕುವೆಂಪುನಗರದಲ್ಲಿ ಐಸ್ ಸಿಗುವುದು ಕಬ್ಬಿನಹಾಲಿನ ಗಾಡಿಯಲ್ಲಿ ಮಾತ್ರ. ಹಾಗಾಗಿ ಸ್ಕೇಟಿಂಗ್ ಕ್ಲಾಸಿಗೆ ಹೋಗುವ ನಾಲ್ಕಾರು ಮಕ್ಕಳನ್ನು ಕಟ್ಟಿಕೊಂಡು ಪಾರ್ಕಿನ ಸಿಮೆಂಟ್ ನೆಲದಲ್ಲೇ ಆಟ ಹೂಡಿದ. ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ, ಅಳತೆಯಲ್ಲಿ ರಾಜಿಯಿಲ್ಲ. ಬಿದಿರಿನ ಗಳುವಿಗೆ ನಮ್ಮನೆಯ ಸೊಳ್ಳೆಪರದೆ ಕಟ್ಟಿದ್ದಾಯಿತು. ಅಸಲಿ ಪಕ್ ಅಂದರೆ ಮೂರಿಂಚು ಅಗಲ, ಒಂದಿಂಚು ದಪ್ಪದ ರಬ್ಬರ್ ಬಿಲ್ಲೆ. ಪುಟಿಯದಿರಲಿ ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಡುತ್ತಾರೆ. ನಮ್ಮದು ಪ್ಲಾಸ್ಟಿಕ್ ಚೆಂಡು.

ಸ್ಕೇಟ್ಸ್ ಮೇಲೆ ನಿಲ್ಲಲಾರದವನು ನಾನೊಬ್ಬನೇ, ಆದ್ದರಿಂದ ಗೋಲಿಗೆ ನಾನೇ ಕಾವಲು. ಸೋಫಾದ ದಿಂಬುಗಳನ್ನು ಸೀರೆಯಿಂದ ಕಾಲಿಗೆ ಬಿಗಿದರು. ಜ್ಯಾಕ್ ಪ್ಲಾಂಟ್ ಎಂಬ ಗೋಲ್‌ಕೀಪರ್ 1959ರಲ್ಲಿ ಮುಖಕ್ಕೆ ಪಕ್ ಬಡಿಸಿಕೊಂಡು, ಹೊಲಿಗೆ ಹಾಕಿಸಿಕೊಂಡು, ಮುಖವಾಡ ಕೊಡದಿದ್ದರೆ ಆಡುವುದಿಲ್ಲ ಅಂತ ಹಟ ಹಿಡಿದನಂತೆ. ನಾನು ಹೊಲಿಗೆಯ ತನಕ ಕಾಯದೆ ಮೊದಲೇ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡೆ.

ಎದುರುಮನೆಯ ಆರನೇ ಕ್ಲಾಸಿನ ಹುಡುಗಿ ಭುಜ ತಗ್ಗಿಸಿ ನುಗ್ಗಿ ಬಂದಳು. ‘ಟ್ಯೂಷನ್ ಇಲ್ವಾ ಪುಟ್ಟಿ?’ ಅಂದೆ. ಚೆಂಡು ಒಳಗೆ.

‘ಗೆರೆ ಮೇಲೆ ನಿಂತು ಸ್ವಾಗತ ಮಾಡ್ಬೇಡಿ ಮಾವ, ಮುಂದೆ ಬನ್ನಿ!’

ಮುಂದೆ ಬಂದಷ್ಟೂ ಹೊಡೆಯುವವರ ಕಣ್ಣಿಗೆ ಗೋಲು ಕಿರಿದಾಗುತ್ತದೆ. ಆದರೆ ಅಲ್ಲೇ ನೆಟ್ಟಗೆ ನಿಂತರೆ ಸುತ್ತಿ ಹೋಗಿಬಿಡುತ್ತಾರೆ, ಅದಕ್ಕೆ ಅವರ ವೇಗದಲ್ಲೇ ಹಿಂದೆ ಸರಿಯಬೇಕು. ಇನ್ನೂ ಉಗ್ರ ಪಾಠ ರಾತ್ರಿ ಫೋನಿನ ವಿಡಿಯೋಗಳಲ್ಲಾಯಿತು. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಗೋಲ್‌ಕೀಪರ್ ಬಿಲ್ಲಿ ಸ್ಮಿತ್ ತನ್ನ ಕ್ರೀಸಿನ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ಜಾಗದ ಹತ್ತಿರ ಸುಳಿದವರ ಕಾಲಿಗೆ ಕೋಲಿನಿಂದ ಬಾರಿಸುತ್ತಿದ್ದ. ತಂಡ 1980ರಿಂದ 1983ರವರೆಗೆ ಸತತ ನಾಲ್ಕು ಸಲ ಐಸ್ ಹಾಕಿಯ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಇನ್ನೊಬ್ಬ ಗೋಲ್‌ಕೀಪರ್ ರಾನ್ ಹೆಕ್ಸ್‌ಟಾಲ್ 1987ರ ಫೈನಲ್ಸ್‌ನಲ್ಲಿ ಎದುರಾಳಿ ಕೆಂಟ್ ನಿಲ್ಸನ್ ಕಾಲಿಗೆ ಬೀಸಿ ಎಂಟು ಪಂದ್ಯ ಹೊರಗೆ ಕೂತ. ಎದುರುಮನೆಯಿಂದ ಕರಿಬೇವು ತರಬೇಕಾದ ನನಗೆ ಇವರ ದಾರಿ ಆಗಿಬರುವುದಿಲ್ಲ.

ಉಳಿದದ್ದು ಪೋಕ್ ಚೆಕ್. ಚೆಂಡು ಕೈಗೆಟಕುವಷ್ಟು ಹತ್ತಿರ ಬಂದಾಗ ಕೋಲನ್ನು ಮುಂದಕ್ಕೆ ತಿವಿದು, ಅಂಗೈಯೊಳಗೇ ಜಾರಲು ಬಿಟ್ಟು, ತುದಿಯ ಗುಬುಟು ಸಿಕ್ಕಿದ ಕೂಡಲೇ ಹಿಡಿಯಬೇಕು. ಮರುದಿನ ಹುಡುಗಿ ಬಂದಳು, ತಿವಿದೆ, ಕೋಲು ಸೊಗಸಾಗಿ ಜಾರಿತು. ಬೆವರಿದ ಅಂಗೈಗೆ ಗುಬುಟು ಮಾತ್ರ ಸಿಗಲಿಲ್ಲ. ಕೋಲು ನೆಲದ ಮೇಲೆ ಸರ್ರನೆ ಹೋಗಿ, ವಾಕಿಂಗ್ ಮುಗಿಸಿ ಬರುತ್ತಿದ್ದ ರಿಟೈರ್ಡ್ ಮೇಷ್ಟ್ರ ಎರಡು ಕಾಲಿನ ನಡುವೆ ನಿಂತಿತು.

‘ಕೋಲು ಎಸೆದ್ರೆ ಪೆನಾಲ್ಟಿ ಶಾಟ್ ಅಂಕಲ್!’

‘ಎಸೀಲಿಲ್ಲಮ್ಮ, ಜಾರ್ತು.’

‘ಎಸೆದದ್ದೇ,’ ಅಂದರು ಮೇಷ್ಟ್ರು, ಪಂಚೆ ಕೊಡವುತ್ತಾ. ಆಟ ಏನೆಂದು ಗೊತ್ತಿಲ್ಲದೆಯೂ ತೀರ್ಪು ಕೊಡಬಲ್ಲವರು ಅವರು.

ಅವಳು ಚೆಂಡು ಮುಟ್ಟುವವರೆಗೆ ನಾನು ಕ್ರೀಸ್ ಬಿಡುವಂತಿಲ್ಲ. ಮುಟ್ಟಿದಳು. ಹೋ ಅಂತ ಮುಂದೆ ನುಗ್ಗಿದೆ. ಆಮೇಲೆ ಪಾಠ ಹೇಳಿದಂತೆ ಅವಳ ವೇಗದಲ್ಲೇ ಹಿಂದೆ ಸರಿದೆ, ಸರಿಯುತ್ತಲೇ ಹೋದೆ. ಹಿಮ್ಮಡಿ ಪರದೆಗೆ ಸಿಕ್ಕಿ, ಗಳು ಸಮೇತ ಗೋಲು ನನ್ನ ಮೇಲೆ ಕುಸಿಯಿತು. ಚೆಂಡು ಹುಡುಕಿದರೆ ಪರದೆಯೊಳಗೆ ನನ್ನ ತೊಡೆಯ ಮೇಲೆ ಕೂತಿತ್ತು. ಚೆಂಡು ತಡೆದೆ ಅಂತ ನಾನು, ಪರದೆಯೊಳಗಿದೆ ಅಂತ ಅವಳು. ‘ಪರದೆ ಒಳಗಿದ್ರೆ ಗೋಲು, ಅದ್ರಲ್ಲೇನು ಅನುಮಾನ?’ ಅಂದರು ಮೇಷ್ಟ್ರು.

ಮನೆಗೆ ಬಂದರೆ ದಿಂಬಿನ ಗಂಟು ಬಿಚ್ಚುವುದಿಲ್ಲ. ಕತ್ತರಿ ತಂದ ಹೆಂಡತಿ ಕಾಲ ಬಳಿ ಕೂತು ಬಟ್ಟೆಯನ್ನು ತಿರುಗಿಸಿ ನೋಡಿದಳು, ಕತ್ತರಿಯನ್ನು ಪಕ್ಕಕ್ಕಿಟ್ಟಳು.

‘ಇದು ಹಳೇ ಸೀರೆ ಅಂತ ನಿಮಗೆ ಹೇಳಿದ್ದು ಯಾರು?’

ಭಾವಮೈದುನನ ಮಗ ಆಗಲೇ ಗೇಟು ದಾಟಿದ್ದ.