ದೇಶಗಳ ಹಸಿರು ಪ್ರಗತಿಗೆ ರ‍್ಯಾಂಕ್ ಬೇಕೇ?

ಪರ: ಕೊನೆಯ ಸ್ಥಾನವೂ ಜನರಿಗೆ ಗೊತ್ತಾಗಲಿ

2022ರಲ್ಲಿ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಪರಿಸರ ಸೂಚ್ಯಂಕ ಬಂತು. 180 ದೇಶಗಳಲ್ಲಿ ಭಾರತ 180ನೆಯದು. ನೂರಕ್ಕೆ 18.9 ಅಂಕ. ಮೊದಲು ಬಂದ ಡೆನ್ಮಾರ್ಕ್‌ಗೆ 77.9. ಲೆಕ್ಕವೇ ಸರಿಯಿಲ್ಲ ಎಂದು ನಮ್ಮ ಪರಿಸರ ಸಚಿವಾಲಯ ತಳ್ಳಿಹಾಕಿತು.

ನನಗೆ ಆ ಲೆಕ್ಕ ಬೇಕು. ಜಿಡಿಪಿ ಅಂಕಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಕೆರೆ ಕೆಟ್ಟು, ಜನ ಟ್ಯಾಂಕರ್ ನೀರು ಕೊಂಡರೆ ಅದೂ ಜಿಡಿಪಿಗೆ ಸೇರುತ್ತದೆ. ಕೆಟ್ಟ ಕೆರೆ ಎಲ್ಲೂ ಕಳೆಯುವುದಿಲ್ಲ.

ಬೆಳ್ಳಂದೂರು ಕೆರೆಯ ಹತ್ತಿರ ನಾವು ಬಾಡಿಗೆಗಿದ್ದೆವು. ಮಳೆ ಬಂದರೆ ಕೋಡಿಯಿಂದ ನೊರೆ ಹಾರಿ ಸ್ಕೂಟರಿನ ಸೀಟಿನ ಮೇಲೆ ಕೂರುತ್ತಿತ್ತು. ಮುಟ್ಟಿದರೆ ಕೈ ತುರಿಕೆ. ಅಮ್ಮ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. 2018ರ ಜನವರಿಯಲ್ಲಿ ಕೆರೆಯಲ್ಲಿ ಬೆಂಕಿ ಎದ್ದಾಗ ಆ ಹೊಗೆಗೆ ಅವರಿಗೆ ಉಬ್ಬಸ ಜಾಸ್ತಿಯಾಗಿ ರಾತ್ರಿಯಿಡೀ ಕೂತೇ ಇದ್ದರು. ಸುತ್ತಮುತ್ತ ಹೊಸ ಆಫೀಸು ಕಟ್ಟಡಗಳು ಏಳುತ್ತಲೇ ಇದ್ದವು, ಬಾಡಿಗೆಯೂ ಏರುತ್ತಿತ್ತು. ಅದಕ್ಕೇ ಬೆಳವಣಿಗೆ ಅನ್ನುತ್ತಿದ್ದರು.

ತಲಾ ಲೆಕ್ಕ ಹಾಕಿ, ಅಮೆರಿಕದವರು ಬಿಡುವ ಹೊಗೆ ನೋಡಿ ಅನ್ನುತ್ತಾರೆ. ಅಮ್ಮನ ಉಬ್ಬಸ ಅಮೆರಿಕದ ಕಾರಿನಿಂದ ಬಂದದ್ದಲ್ಲ. ಪಕ್ಕದ ಬಾಂಗ್ಲಾದೇಶಕ್ಕೆ 23.1, ಪಾಕಿಸ್ತಾನಕ್ಕೆ 24.6 ಅಂಕ ಬಂದಿತ್ತು. ನಮಗೇಕೆ ಬರಲಿಲ್ಲ? ಹೋಲಿಸದಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ವಿರೋಧ: ಸಾಲಾಗಿ ನಿಲ್ಲಿಸುವುದು ಬೇಡ

ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ. ಅಳತೆಯೇ ಬೇಡ ಎಂದು ನಾನೂ ಹೇಳಲಾರೆ. ರ‍್ಯಾಂಕ್ ಕೊಡುವುದಕ್ಕೆ ಮಾತ್ರ ನನ್ನ ತಕರಾರು.

2022ರ ಪಟ್ಟಿಯಲ್ಲಿ ಹತ್ತು ವರ್ಷದ ಹೊಗೆಯ ಏರಿಕೆಯನ್ನು ಹಾಗೇ 2050ರವರೆಗೆ ಎಳೆದು ಅಂದಾಜು ಮಾಡಿದ್ದರು. ಈಗಷ್ಟೇ ಮನೆಮನೆಗೆ ಕರೆಂಟ್ ಕೊಡುತ್ತಿರುವ ದೇಶ ಇದರಲ್ಲಿ ಹಿಂದೆ ಬೀಳಲೇಬೇಕು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದಲ್ಲಿ 14ರ ಆಸುಪಾಸು. ಶರ್ಟು ಹೊಲಿಯುವುದು ಇಲ್ಲಿ, ತೊಡುವುದು ಯುರೋಪಿನಲ್ಲಿ, ಹೊಗೆ ಮಾತ್ರ ನಮ್ಮ ಖಾತೆಗೆ. ರ‍್ಯಾಂಕ್ ಬೇಕು ಅನ್ನುವವರಿಗೆ ನಾವೆಲ್ಲ ನಾಳೆಯೇ ಡೆನ್ಮಾರ್ಕ್ ಆಗಿಬಿಡಬೇಕು.

2024ರಲ್ಲಿ ನಮ್ಮ ಅಂಕ 27.6, ಸ್ಥಾನ 176. ನಡುವೆ ಅಳೆಯುವ ವಿಧಾನವೂ ಬದಲಾಗಿತ್ತು. ಹಾಗಾಗಿ ಎರಡು ಅಂಕಗಳನ್ನು ಪಕ್ಕಪಕ್ಕ ಇಟ್ಟು ಸುಧಾರಿಸಿದೆವು ಅನ್ನಲೂ ಆಗದು.

ದೇಶಕ್ಕೊಂದು ರ‍್ಯಾಂಕ್ ಕೊಟ್ಟರೆ, ಒಳಗೆ ಯಾರು ಕಳೆದುಕೊಂಡರು ಅನ್ನುವುದು ಕಾಣುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾಯಿತು. ಆ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಹಣ ಇಲ್ಲ. ಕರೆಂಟಿನ ಲೆಕ್ಕದಲ್ಲಿ ಅವರು ಬರುವುದೂ ಇಲ್ಲ.