ಗುಜರಿಗೆ ಹಾಕುವ ಮುಂಚೆ ಆ ಕಾರ್ಡ್‌ಲೆಸ್ ಫೋನನ್ನು ಒಮ್ಮೆ ತಿರುಗಿಸಿ ನೋಡಿ

ಹೋದ ತಿಂಗಳು ಊರಿನ ಮನೆಗೆ ಬಣ್ಣ ಹೊಡೆಸೋಕೆ ಅಂತ ಅಟ್ಟ ಖಾಲಿ ಮಾಡಿದೆವು. ಹಳೆ ಸೂಟ್‌ಕೇಸ್ ಒಂದರಲ್ಲಿ ಮೂರು ಕಾರ್ಡ್‌ಲೆಸ್ ಫೋನು ಸಿಕ್ಕವು. ಎರಡು ಅಮೆರಿಕದಲ್ಲಿರುವ ಚಿಕ್ಕಪ್ಪ ಬೇರೆ ಬೇರೆ ಸಲ ಬಂದಾಗ ತಂದುಕೊಟ್ಟಿದ್ದು, ಇನ್ನೊಂದು ಅಪ್ಪ ಇಲ್ಲೇ ಕೊಂಡಿದ್ದು. ಗುಜರಿಯವರು ಬಾಗಿಲಲ್ಲೇ ನಿಂತಿದ್ದರು, ತೂಕಕ್ಕೆ ಹಾಕಿಬಿಡಿ ಅಂದರು. ನಾನು ಕೊಡಲಿಲ್ಲ. ಕೊಡದೇ ಇದ್ದಿದ್ದು ಒಳ್ಳೆಯದಾಯ್ತು, ಯಾಕೆ ಅಂತ ಹೇಳ್ತೀನಿ. ಇಂಥ ಫೋನು ನಿಮ್ಮ ಮನೆಯಲ್ಲೂ ಎಲ್ಲೋ ಬಿದ್ದಿರುತ್ತೆ, ಅದನ್ನ ಗುಜರಿಗೆ ಹಾಕೋದು ಒಂದು ತಪ್ಪು, ಏನೂ ನೋಡದೆ ಪ್ಲಗ್ಗಿಗೆ ಹಾಕೋದು ಅದಕ್ಕಿಂತ ದೊಡ್ಡ ತಪ್ಪು.

ಎರಡನೇ ತಪ್ಪನ್ನ ನಮ್ಮ ಮನೆಯಲ್ಲೇ ಮಾಡಿದ್ದೇವೆ. ಚಿಕ್ಕಪ್ಪ ಮೊದಲ ಫೋನು ತಂದ ದಿನ ಅಪ್ಪ ಅಷ್ಟು ಖುಷಿಯಲ್ಲಿದ್ದರು, ಅಡಾಪ್ಟರನ್ನ ನೇರವಾಗಿ ಗೋಡೆಗೆ ಚುಚ್ಚಿದರು. ಅದು 120 ವೋಲ್ಟಿನದು, ನಮ್ಮದು 230. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಆಮೇಲೆ ಹೊಗೆ. ಪುಣ್ಯಕ್ಕೆ ಫೋನಿಗೆ ಏನೂ ಆಗಲಿಲ್ಲ, ಅಡಾಪ್ಟರ್ ಹೋಯ್ತು ಅಷ್ಟೇ. ಅಪ್ಪ ಆವತ್ತಿಡೀ ಮಾತಾಡಲಿಲ್ಲ.

ಹಾಗಾಗಿ ಮೊದಲ ಕೆಲಸ, ಬೇಸನ್ನ, ಅಂದರೆ ಕೈಯಲ್ಲಿ ಹಿಡಿಯೋ ಹ್ಯಾಂಡ್‌ಸೆಟ್ಟನ್ನ ಕೂರಿಸುವ ಪೆಟ್ಟಿಗೆಯನ್ನ, ಮಗುಚಿ ಲೇಬಲ್ ಓದೋದು. ಅದಕ್ಕೂ ಮುಂಚೆ ಆಂಟೆನಾ ನೋಡಿದರೇ ಅರ್ಧ ಗೊತ್ತಾಗುತ್ತೆ. ಹಳೆ ರೇಡಿಯೊ ಥರ ಎಳೆದು ಉದ್ದ ಮಾಡುವ ಸ್ಟೀಲ್ ಕಡ್ಡಿ ಇದ್ದರೆ ಅದು ಬಹುಪಾಲು 46/49 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯ ಕಾಲದ್ದು, ಅಂದರೆ 80-90ರ ದಶಕದ್ದು. ಬೇಸು 46ರಲ್ಲಿ ಕಳಿಸುತ್ತೆ, ಹ್ಯಾಂಡ್‌ಸೆಟ್ಟು 49ರಲ್ಲಿ. ರಬ್ಬರಿನ ಗಿಡ್ಡ ಆಂಟೆನಾ ಇದ್ದರೆ ಸಾಮಾನ್ಯವಾಗಿ 900 ಮೆಗಾಹರ್ಟ್ಸ್ ಇಲ್ಲಾ 2.4 ಗಿಗಾಹರ್ಟ್ಸ್. ಆಂಟೆನಾನೇ ಕಾಣದೆ ನುಣ್ಣಗಿದ್ದರೆ ಹೆಚ್ಚಾಗಿ ಡೆಕ್ಟ್, ಅಂದರೆ ಡಿಜಿಟಲ್ ಕಾರ್ಡ್‌ಲೆಸ್. ಇದು ಅಂದಾಜು ಮಾತ್ರ, ಖಚಿತ ಬೇಕಾದರೆ ಲೇಬಲ್ಲೇ ಗತಿ. ಅಮೆರಿಕದ ಸೆಟ್ಟಾದರೆ ಎಫ್‌ಸಿಸಿ (ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಐಡಿ ಅಂತ ಒಂದು ನಂಬರ್ ಇರುತ್ತೆ. ಅದನ್ನ ಎಫ್‌ಸಿಸಿಯವರ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ಫ್ರೀಕ್ವೆನ್ಸಿ ಅನ್ನೋದು ಸಿಗುತ್ತೆ, ತೀರಾ ಹಳೆಯದಲ್ಲದಿದ್ದರೆ ಎಷ್ಟೋ ಸಲ ಒಳಗಿನ ಬೋರ್ಡಿನ ಫೋಟೊನೂ ಸಿಗುತ್ತೆ. ಮೂವತ್ತು ವರ್ಷದ ಹಿಂದಿನ ಒಂದು ಫೋನಿನ ಜಾತಕ ಹೀಗೆ ಕೂತಲ್ಲೇ ಸಿಗೋದು ನನಗಂತೂ ಈಗಲೂ ಬೆರಗು.

ಅಂದ ಹಾಗೆ, ಕಾರ್ಡ್‌ಲೆಸ್ ಫೋನಿನ ಕಥೆ ನಾವು ಅಂದುಕೊಂಡಿದ್ದಕ್ಕಿಂತ ಹಳೆಯದು. ಜಾರ್ಜ್ ಸ್ವೈಗರ್ಟ್ ಅನ್ನೋ ಅಮೆರಿಕದ ಹ್ಯಾಮ್ (ಹವ್ಯಾಸಿ) ರೇಡಿಯೊ ಆಸಕ್ತರಿಗೆ 1969ರಲ್ಲೇ ಇದರ ಪೇಟೆಂಟ್ ಸಿಕ್ಕಿತ್ತು.

ಉದ್ದ ಕಡ್ಡಿಯ ಫೋನುಗಳನ್ನ ಮಾತಿಗೆ ಬಳಸಬೇಡಿ ಅಂತಲೇ ನನ್ನ ಅಭಿಪ್ರಾಯ. ಮೊದಮೊದಲು 46/49ರಲ್ಲಿ ಇದ್ದಿದ್ದೇ ಹತ್ತು ಚಾನೆಲ್. ಮಾತು ಎಫ್‌ಎಂ ರೇಡಿಯೊ ಥರ ಮುಚ್ಚುಮರೆ ಇಲ್ಲದೆ ಹೋಗುತ್ತೆ, ಪಕ್ಕದ ಮನೆಯ ಸೆಟ್ಟಿನಲ್ಲೂ ಕೇಳಿಸಬಹುದು. ಬ್ಯಾಂಕಿನವರ ಜೊತೆ ಮಾತಾಡೋ ಕಾಲದಲ್ಲಿ ಇದು ಬೇಡ.

ಚಿಕ್ಕಪ್ಪ ತಂದ ಎರಡನೇ ಫೋನಿನದು ಬೇರೆ ಸಮಸ್ಯೆ. ಅದರ ಮೇಲೆ ಡೆಕ್ಟ್ 6.0 ಅಂತ ದೊಡ್ಡದಾಗಿ ಬರೆದಿದೆ. ಈ 6.0 ಫ್ರೀಕ್ವೆನ್ಸಿ ಅಲ್ಲ, ಮಾರಾಟಕ್ಕೆ ಇಟ್ಟ ಹೆಸರು. ಅದು ಕೆಲಸ ಮಾಡೋದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ನಮ್ಮಲ್ಲಿ ಅದು ಮೊಬೈಲುಗಳು ಟವರಿಗೆ ಸಿಗ್ನಲ್ ಕಳಿಸೋಕೆ ಇಟ್ಟ ಜಾಗದೊಳಗೇ ಬರುತ್ತೆ. ನಿಮ್ಮ ಕಾರ್ಡ್‌ಲೆಸ್ ಚೆನ್ನಾಗೇ ಕೆಲಸ ಮಾಡ್ತಿರುತ್ತೆ, ತೊಂದರೆ ಆಗೋದು ಟವರಿಗೆ, ಅದು ನಿಮಗೆ ಗೊತ್ತೂ ಆಗಲ್ಲ. ಇಲ್ಲಿ ಮಾರುವ ಡೆಕ್ಟ್ ಸೆಟ್ಟಿನಲ್ಲಿ 1.88ರಿಂದ 1.90 ಗಿಗಾಹರ್ಟ್ಸ್ ಅಂತ ಇರುತ್ತೆ. ನೋಡೋಕೆ ಎರಡೂ ಒಂದೇ ಥರ, ಲೇಬಲ್ ಓದದೆ ಹೇಳೋಕಾಗಲ್ಲ. ನಮ್ಮ ಪ್ರೀತಿಯ ನೆಂಟರು ಹೊತ್ತು ತಂದಿದ್ದು ನಿಜ, ಆದರೂ ಅದನ್ನ ಇಲ್ಲಿ ಆನ್ ಮಾಡಬಾರದು.

ಇನ್ನು ಬ್ಯಾಟರಿ. ಉದ್ದ ಕಡ್ಡಿಯ ಫೋನಿನ ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳ ತೆಗೆದಾಗ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ, ತಾಮ್ರದ ಕಡೆ ಹಸಿರು. ಮೂರು ಸಣ್ಣ ಸೆಲ್ಲು ಒಟ್ಟಿಗೆ ಸುತ್ತಿ, ಕೆಂಪು-ಕಪ್ಪು ವೈರು, ತುದಿಯಲ್ಲಿ ಪುಟ್ಟ ಬಿಳಿ ಕನೆಕ್ಟರ್. ಇದು ನಿಕಲ್ ಕ್ಯಾಡ್ಮಿಯಂ, 3.6 ವೋಲ್ಟ್. ಕ್ಯಾಡ್ಮಿಯಂ ವಿಷ, ಕಸದ ಬುಟ್ಟಿಗೆ ಹಾಕಬೇಡಿ, ಇ-ವೇಸ್ಟ್ ತಗೊಳ್ಳುವ ಕಡೆ ಕೊಡಿ. ಸೋರಿದ ಜಾಗಕ್ಕೆ ಕೈಗವಸು ಹಾಕಿಕೊಂಡು, ಕಿವಿ ಕಡ್ಡಿಗೆ ವಿನೆಗರ್ ಅದ್ದಿ ಉಜ್ಜಿದೆ, ಪುಡಿ ಬುರುಬುರು ನೊರೆ ಬಂದು ಹೋಯ್ತು. ಮನೆಯಲ್ಲಿ ವಿನೆಗರ್ ಇಲ್ಲದಿದ್ದರೆ ನಿಂಬೆರಸನೂ ಆಗುತ್ತೆ. ಅದೇ ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಬಹುದು. ಕನೆಕ್ಟರಿನಲ್ಲಿ ಪ್ಲಸ್ ಯಾವ ಕಡೆ ಅಂತ ಹಳೆಯದಕ್ಕೆ ಹೋಲಿಸಿ ನೋಡಿ. ಹೊಸ ಕಾಲದ ಸೆಟ್ಟಿಗೆ ಎರಡು ಎಎಎ ರೀಚಾರ್ಜಬಲ್ ಸಾಕು, ಆದರೆ ರಿಮೋಟಿಗೆ ಹಾಕುವ ಮಾಮೂಲಿ ಸೆಲ್ ಹಾಕಿ ಚಾರ್ಜಿಗೆ ಇಟ್ಟರೆ ಸೋರುತ್ತೆ, ಒಡೆಯಲೂಬಹುದು.

ಅಡಾಪ್ಟರ್ ಬದಲಾಯಿಸೋರಿಗೆ ಒಂದು ಮಾತು. ಹಳೆಯ ಭಾರದ ಅಡಾಪ್ಟರಿನ ಮೇಲೆ 9 ವೋಲ್ಟ್ ಡಿಸಿ ಅಂತಿದ್ದರೂ ಸುಮ್ನೆ ಮಲ್ಟಿಮೀಟರ್ ಇಟ್ಟರೆ 12-13 ತೋರಿಸಬಹುದು, ಲೋಡ್ ಇಲ್ಲದಾಗ, ಅಂದರೆ ಅದಕ್ಕೆ ಏನೂ ಜೋಡಿಸದಿದ್ದಾಗ, ಹಾಗೇ. ಅದನ್ನ ನಂಬಿ 12 ವೋಲ್ಟಿನದು ತರಬೇಡಿ. ಕೆಲವು ಎಸಿ ಔಟ್‌ಪುಟ್ ಇರುತ್ತವೆ, ಕೆಲವಕ್ಕೆ ಪಿನ್ನಿನ ನಡುವೆ ಮೈನಸ್. ಅಲ್ಲೇ ಚಿತ್ರ ಇರುತ್ತೆ, ನೋಡಿ ತಗೊಳ್ಳಿ.

ಅಪ್ಪ ಕೊಂಡಿದ್ದ ಮೂರನೇದು ಎರಡು ಹ್ಯಾಂಡ್‌ಸೆಟ್ಟಿನ ಡೆಕ್ಟ್. ಅದೇ ಈಗ ಮನೆಯ ಮುಖ್ಯ ವಸ್ತು. ಲ್ಯಾಂಡ್‌ಲೈನ್ ತೆಗೆಸಿ ಎಷ್ಟೋ ವರ್ಷ ಆಯ್ತು, ಆದರೆ ಬೇಸಿಗೆ ಕರೆಂಟ್ ಇದ್ದರೆ ಸಾಕು, ಒಂದು ಹ್ಯಾಂಡ್‌ಸೆಟ್ಟಿನಿಂದ ಇನ್ನೊಂದಕ್ಕೆ ಇಂಟರ್‌ಕಾಮ್ ಹೋಗುತ್ತೆ. ಸಿಮ್ ಬೇಡ, ರೀಚಾರ್ಜ್ ಬೇಡ. ಅಮ್ಮನಿಗೆ ಮಂಡಿ ನೋವು, ಕೆಳಗಿರ್ತಾರೆ, ನಾವು ಮಹಡಿ ಮೇಲೆ. ಟಚ್ ಸ್ಕ್ರೀನ್ ಅವರಿಗೆ ಒಗ್ಗಲ್ಲ, ಬೆರಳು ಒದ್ದೆ ಇದ್ದರೆ ಕೇಳೋದೂ ಇಲ್ಲ. ಇದರಲ್ಲಿ ಗಟ್ಟಿ ಬಟನ್ ಇದೆ, ಇಂಟರ್‌ಕಾಮ್ ಬಟನ್ ಮೇಲೆ ಕೆಂಪು ಬಿಂದಿ ಅಂಟಿಸಿದ್ದೇನೆ. ರಾತ್ರಿ ಎರಡು ಗಂಟೆಗೆ ಒಮ್ಮೆ ರಿಂಗ್ ಆಯ್ತು, ತಲೆ ಸುತ್ತುತ್ತಿದೆ ಕಣೋ ಅಂದರು, ಓಡಿಹೋದೆ. ಆವತ್ತಿನಿಂದ ಆ ಫೋನಿನ ಮೇಲೆ ನನಗೆ ಗೌರವ.

ಮನೆಗೆ ಫೈಬರ್ ಹಾಕಿಸಿದ್ದರೆ ಮೋಡೆಮ್ ಹಿಂದೆ ಫೋನಿನ ಪೋರ್ಟ್ ಇದೆಯಾ ನೋಡಿ, ವಾಯ್ಸ್ ಸೇವೆ ಇದ್ದರೆ ಇದೇ ಬೇಸನ್ನ ಅಲ್ಲಿ ಚುಚ್ಚಬಹುದು. ಕರೆಂಟ್ ಹೋದರೆ ಬೇಸ್ ಸತ್ತಹಾಗೆ, ಹಾಗಾಗಿ ನಾನು ಯುಪಿಎಸ್ ಲೈನಿಗೆ ಕೊಟ್ಟಿದ್ದೇನೆ.

ಡೆಕ್ಟ್ 6.0 ಸೆಟ್ಟಿನ ಬ್ಯಾಟರಿ ತೆಗೆದು ಇ-ವೇಸ್ಟ್ ಡಬ್ಬಕ್ಕೆ ಎತ್ತಿಟ್ಟಿದ್ದೇನೆ. ಉದ್ದ ಕಡ್ಡಿಯದನ್ನ ಮಾತ್ರ ಒರೆಸಿ ಶೋಕೇಸಿನಲ್ಲಿ ಅಪ್ಪನ ಫೋಟೊ ಪಕ್ಕ ಇಟ್ಟೆ. ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ತಳದ ಲೇಬಲ್ಲಿನ ಫೋಟೊ ಹಾಕಿ, ಯಾವ ಕಾಲದ್ದು ಅಂತ ಸೇರಿ ನೋಡೋಣ.